ಕಾಲು ನೋವು, ಬಣ್ಣದ ಗೊಂದಲ, ಸಂಕೋಚ: ನನ್ನ ಮಗ ಡಿ.ಫಾರ್ಮಾ ಸೇರಬಹುದೇ?

ಪ್ರಶ್ನೆ: ನನ್ನ ಮಗ ಈ ಸಲ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದಾನೆ. ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಓದಿ ನಮ್ಮ ಹೋಬಳಿಯಲ್ಲೇ ಮೆಡಿಕಲ್ ಶಾಪ್ ಇಡಬೇಕೆಂದು ಅವನ ಆಸೆ. ಮೂರು ವರ್ಷದ ಹಿಂದೆ ಬೈಕ್ ಅಪಘಾತದಲ್ಲಿ ಎಡಗಾಲು ಮುರಿದು ರಾಡ್ ಹಾಕಿದ್ದಾರೆ. ಚೆನ್ನಾಗಿಯೇ ನಡೆಯುತ್ತಾನೆ, ತುಂಬ ಹೊತ್ತು ನಿಂತರೆ ಮಾತ್ರ ನೋವು. ಕೆಂಪು ಹಸಿರು ಬಣ್ಣ ಗುರುತಿಸುವುದರಲ್ಲಿ ಚಿಕ್ಕಂದಿನಿಂದ ಗೊಂದಲವಿದೆ. ಮಾತು ಕಡಿಮೆ, ಹೊಸಬರ ಎದುರು ತಡವರಿಸುತ್ತಾನೆ. ಅಮೆರಿಕದಲ್ಲಿರುವ ನನ್ನ ತಂಗಿ ಅಲ್ಲಿ ಫಾರ್ಮಸಿ ಟೆಕ್ನಿಷಿಯನ್ ಕೋರ್ಸಿಗೆ ಸೇರುವಾಗ ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಭಾರ ಎತ್ತಬೇಕು, ಕಣ್ಣು ಹೇಗಿರಬೇಕು, ನಡತೆ ಹೇಗಿರಬೇಕು ಎಂಬ ಪಟ್ಟಿಗೆ ಸಹಿ ಹಾಕಿಸಿಕೊಂಡರಂತೆ. ನಮ್ಮಲ್ಲೂ ಹಾಗಿದೆಯೇ? ಫೀಸು ಕಟ್ಟಿದ ಮೇಲೆ ಅರ್ಧಕ್ಕೆ ಬಿಡುವಂತಾದರೆ ಎಂಬ ಭಯ ನಮಗೆ.
— ಒಬ್ಬ ತಂದೆ, ಹಾಸನ ಜಿಲ್ಲೆ

ಉತ್ತರ: ಭಯ ಬೇಡ. ನೀವು ಬರೆದ ಮೂರರಲ್ಲಿ ಒಂದೂ ನಿಮ್ಮ ಮಗನನ್ನು ಈ ಓದಿನಿಂದ ಹೊರಗಿಡುವಂಥದ್ದಲ್ಲ. ಹಾಗೆಂದು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತೆಯೂ ಇಲ್ಲ. ಕಾಲಿನದು ಸುಲಭ. ಬಣ್ಣದ್ದಕ್ಕೆ ಒಂದಿಷ್ಟು ಎಚ್ಚರ ಬೇಕು. ಮಾತು ಕಡಿಮೆ ಎಂದಿರಲ್ಲ, ಅದನ್ನು ಇನ್ನೂ ಬಿಡಿಸಿ ನೋಡಬೇಕು.

ನಿಮ್ಮ ತಂಗಿ ಹೇಳಿದ್ದು ನಿಜ. ಅಮೆರಿಕದ ಇಂಥ ಕೋರ್ಸುಗಳು ದೇಹ, ಮನಸ್ಸು, ನಡತೆ ಮೂರಕ್ಕೂ ಸಂಬಂಧಿಸಿದ ಅಗತ್ಯಗಳನ್ನು ಮೊದಲೇ ಬರೆದು ಕೊಡುತ್ತವೆ. ಅಲ್ಲಿನ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ, ಯಾರಿಗಾದರೂ ಒಂದು ಅಂಶ ಕಷ್ಟವಾದರೆ ಸಂಸ್ಥೆ ಸೂಕ್ತ ಅನುಕೂಲ ಮಾಡಿಕೊಡಬೇಕಾಗುತ್ತದೆ. ನಮ್ಮ ಭಾರತೀಯ ಫಾರ್ಮಸಿ ಕೌನ್ಸಿಲ್‌ನ 2020ರ ನಿಯಮಗಳು ಡಿ.ಫಾರ್ಮಾ ಪ್ರವೇಶಕ್ಕೆ ನೋಡುವುದು ಪಿಯುಸಿಯಲ್ಲಿ ಓದಿದ ವಿಷಯಗಳನ್ನು: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ. ಇಷ್ಟು ಗಂಟೆ ನಿಲ್ಲಬೇಕು, ಇಷ್ಟು ಕಿಲೋ ಎತ್ತಬೇಕು ಎಂಬ ಪಟ್ಟಿ ಅದರಲ್ಲಿಲ್ಲ. ಪಟ್ಟಿ ಇಲ್ಲವೆಂದ ಮಾತ್ರಕ್ಕೆ ಕೆಲಸ ಹಗುರ ಎಂದುಕೊಳ್ಳಬೇಡಿ. ಅಲ್ಲಿನ ಟೆಕ್ನಿಷಿಯನ್ ಎಣಿಸಿ, ತುಂಬಿ, ಲೇಬಲ್ ಅಂಟಿಸಿದ್ದನ್ನು ಅವರ ಮೇಲಿರುವ ಫಾರ್ಮಸಿಸ್ಟ್ ಪರೀಕ್ಷಿಸುತ್ತಾರೆ. ಇಲ್ಲಿ ನಿಮ್ಮ ಮಗ ಡಿ.ಫಾರ್ಮಾ ಮುಗಿಸಿ, 1948ರ ಫಾರ್ಮಸಿ ಕಾಯ್ದೆಯಡಿ ರಾಜ್ಯ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡರೆ ಅವನೇ ಫಾರ್ಮಸಿಸ್ಟ್. ನಿಮ್ಮ ಹೋಬಳಿಯ ಅಂಗಡಿಯಲ್ಲಿ ರೋಗಿಯ ಕೈಗೆ ಹೋಗುವ ಮಾತ್ರೆಯನ್ನು ಕೊನೆಯದಾಗಿ ನೋಡುವ ಕಣ್ಣು ಅವನದೇ. ಅವನ ಹಿಂದೆ ಇನ್ನೊಬ್ಬರು ಇರುವುದಿಲ್ಲ. ನಾನು ಮುಂದೆ ಹೇಳುವುದನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಕಾಲಿನ ವಿಚಾರ. ಕಾಲೇಜಿನಲ್ಲಿ ಒಂದೊಂದು ಪ್ರಾಕ್ಟಿಕಲ್ ತರಗತಿ ಸುಮಾರು ಮೂರು ಗಂಟೆ, ಹೆಚ್ಚಿನ ಹೊತ್ತು ನಿಂತೇ. ಎರಡು ವರ್ಷದ ಓದಿನ ಮೇಲೆ 500 ಗಂಟೆಯ ತರಬೇತಿ ಇದೆ, ಅದನ್ನು ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಮುಗಿಸಬೇಕು. ಅದರಲ್ಲಿ ಅರ್ಧದಷ್ಟು ಚೀಟಿ ನೋಡಿ ಔಷಧ ಕೊಡುವ ಕೆಲಸ, ಎಂದರೆ ಕೌಂಟರಿನ ಹಿಂದೆ. ಆದರೆ ನಿಂತೇ ಮಾಡಬೇಕೆಂದು ಯಾವ ಕಾನೂನೂ ಹೇಳಿಲ್ಲ. ಎತ್ತರದ ಸ್ಟೂಲ್ ಹಾಕಿಕೊಂಡು ಕೆಲಸ ಮಾಡುವ ಎಷ್ಟೋ ಫಾರ್ಮಸಿಸ್ಟರನ್ನು ನೋಡಿದ್ದೇನೆ. ನಿಲ್ಲಲೇಬೇಕಾದಾಗ ಕಾಲಡಿಗೆ ಒಂದು ಮಣೆ ಇಟ್ಟುಕೊಂಡು ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಅದರ ಮೇಲಿಟ್ಟರೆ ಸೊಂಟಕ್ಕೂ ಆರಾಮ. ತರಬೇತಿಗೆ ಹೋಗುವ ಕಡೆ ಮೊದಲ ದಿನವೇ ಬಾಯಿಬಿಟ್ಟು ಹೇಳಲಿ. ಸಂಜೆ ಹೊತ್ತಿಗೆ ಹಲ್ಲುಕಚ್ಚಿ ನೋವು ತಡೆದುಕೊಂಡು ನಿಂತವನ ಗಮನ ಚೀಟಿಯ ಮೇಲಿರುವುದಿಲ್ಲ, ನೋವಿನ ಮೇಲಿರುತ್ತದೆ.

ಭಾರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅರ್ಧ ಲೀಟರಿನ ಸಲೈನ್ ಬಾಟಲಿ 24 ಇರುವ ಪೆಟ್ಟಿಗೆಯೊಂದಕ್ಕೆ ದ್ರವದ ತೂಕವೇ 12 ಕಿಲೋ. ಆಸ್ಪತ್ರೆಯ ಸ್ಟೋರಿನಲ್ಲಿ ಇಂಥವು ಗುಡ್ಡೆ ಬಿದ್ದಿರುತ್ತವೆ. ಅವನ್ನು ಹೊತ್ತು ಏಣಿ ಹತ್ತುವ ಸಾಹಸ ಅವನಿಗೆ ಬೇಡ. ಸ್ವಂತ ಅಂಗಡಿಯಾದರೆ ಭಾರದ್ದೆಲ್ಲ ಸೊಂಟದ ಮಟ್ಟದ ರ‍್ಯಾಕಿಗೆ, ಹಗುರಾದದ್ದು ಮೇಲಕ್ಕೆ, ಮುಗಿಯಿತು. ರಾಡ್ ತೆಗೆಸಬೇಕೇ ಎಂದು ಮೂಳೆ ವೈದ್ಯರನ್ನು ಈಗಲೇ ಕೇಳಿ. ತೆಗೆಸುವುದಾದರೆ ಕಾಲೇಜು ಶುರುವಾಗುವ ಮುಂಚೆ ಅಥವಾ ವಾರ್ಷಿಕ ರಜೆಯಲ್ಲಿ ತೆಗೆಸಿ. ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಪ್ರತ್ಯೇಕವಾಗಿ 75% ಹಾಜರಾತಿ ಬೇಕು. ನಾನು ಕಂಡಂತೆ ಮಕ್ಕಳ ವರ್ಷ ಹಾಳಾಗುವುದು ಕಾಲಿನಿಂದಲ್ಲ, ಹಾಜರಾತಿಯಿಂದ.

ಇನ್ನು ಬಣ್ಣ. ಇದನ್ನು ನಿಧಾನವಾಗಿ ಓದಿ, ಅವನಿಗೂ ಓದಿಸಿ. ಕೆಂಪು ಹಸಿರಿನ ಈ ಗೊಂದಲ ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡುಮಕ್ಕಳಲ್ಲೇ ಹೆಚ್ಚು, ಇದ್ದಷ್ಟೇ ಇರುತ್ತದೆ, ಬೆಳೆಯುವುದಿಲ್ಲ. ಪ್ರಯೋಗಾಲಯದಲ್ಲಿ ಇದು ಅವನನ್ನು ಕಾಡುತ್ತದೆ. ಟೈಟ್ರೇಷನ್ (ದ್ರಾವಣದ ಸಾಂದ್ರತೆ ಅಳೆಯುವ ಪ್ರಯೋಗ) ಮಾಡುವಾಗ ಫಿನಾಲ್ಫ್ತಲೀನ್ ಎಂಬ ಸೂಚಕ ಹಾಕಿದ ದ್ರಾವಣ ಬಣ್ಣವಿಲ್ಲದ್ದು ತಿಳಿ ಗುಲಾಬಿಯಾದ ಕ್ಷಣದಲ್ಲಿ ಬ್ಯೂರೆಟ್ ಎಂಬ ಅಳತೆ ಕೊಳವೆಯಿಂದ ಹನಿ ಬೀಳುವುದನ್ನು ನಿಲ್ಲಿಸಬೇಕು. ಆ ತಿಳಿ ಗುಲಾಬಿ ಅವನಿಗೆ ಕಾಣದೆ ಹೋಗಬಹುದು. ಫಾರ್ಮಕಾಗ್ನಸಿಯಲ್ಲಿ, ಎಂದರೆ ಗಿಡಮೂಲಿಕೆಯಂಥ ನೈಸರ್ಗಿಕ ಔಷಧಗಳ ಪಾಠದಲ್ಲಿ, ಗಿಡಮೂಲಿಕೆಯ ತೆಳು ಪದರಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಲಿಗ್ನಿನ್ (ಗಿಡವನ್ನು ಗಟ್ಟಿಯಾಗಿಸುವ ವಸ್ತು) ಇರುವ ಭಾಗ ಕೆಂಪಾಗಿ ಕಾಣಬೇಕು. ಅಲ್ಲೂ ಅದೇ ಕಷ್ಟ. ಬಿಳಿ ಹೆಂಚಿನ ಮೇಲೆ ಫ್ಲಾಸ್ಕ್ ಇಟ್ಟು, ಪಕ್ಕದಲ್ಲಿ ಬಣ್ಣ ಬರದ ಇನ್ನೊಂದು ಫ್ಲಾಸ್ಕ್ ಇಟ್ಟು ಹೋಲಿಸಿದರೆ ಬಹಳ ಮಂದಿಗೆ ವ್ಯತ್ಯಾಸ ತಿಳಿಯುತ್ತದೆ. ತಿಳಿಯದಿದ್ದರೆ ಬಣ್ಣ ಹೇಳಲು ಪಕ್ಕದವನ ನೆರವು ಬೇಕೆಂದು ಮೇಷ್ಟ್ರಿಗೆ ಮೊದಲೇ ತಿಳಿಸಲಿ. ಎರಡು ವರ್ಷ ಮುಚ್ಚಿಟ್ಟು, ಪ್ರಾಕ್ಟಿಕಲ್ ಪರೀಕ್ಷೆಯ ದಿನ ಕಣ್ಣೀರು ಹಾಕಿದ ಹುಡುಗನೊಬ್ಬ ನನ್ನ ವಿದ್ಯಾರ್ಥಿಯಾಗಿದ್ದ. ಅವನು ಮೊದಲೇ ಹೇಳಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ. ನಾನೇ ಕೇಳಬೇಕಿತ್ತು ಎಂದೂ ಅನ್ನಿಸುತ್ತದೆ. ಆ ವರ್ಷದಿಂದ ಪ್ರತಿ ಹೊಸ ಬ್ಯಾಚಿಗೂ ಮೊದಲ ವಾರವೇ ಕೇಳುತ್ತೇನೆ.

ಅಂಗಡಿಯಲ್ಲಿ ಎಚ್ಚರ ಬೇಕಾದ ಜಾಗ ಬೇರೆ. ಇನ್ಸುಲಿನ್ ಸಿರಿಂಜಿನಲ್ಲಿ ಎರಡು ಬಗೆ. ಮಿಲಿಗೆ 40 ಯೂನಿಟ್ ಇರುವ ಸೀಸೆಗೆ ಕೆಂಪು ಮುಚ್ಚಳದ್ದು, 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು. ನಿಮ್ಮ ಮಗನ ಕಣ್ಣಿಗೆ ಕೆಂಪು, ಕಿತ್ತಳೆ ಎರಡೂ ಒಂದೇ ಥರ ಕಾಣುವ ಸಂಭವ ಹೆಚ್ಚು. 100ರ ಇನ್ಸುಲಿನ್ನನ್ನು 40ರ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 20 ಯೂನಿಟ್ ಅಲ್ಲ, 50. ಎರಡೂವರೆ ಪಟ್ಟು. ರಾತ್ರಿ ಮಲಗಿದವರು ಬೆಳಗ್ಗೆ ಏಳದೆ ಹೋಗಬಹುದು. ಆದ್ದರಿಂದ ಅವನಿಗೆ ಒಂದೇ ನಿಯಮ: ಬಣ್ಣ ನಂಬಬೇಡ, ಅಕ್ಷರ ಓದು. ಸಿರಿಂಜಿನ ಮೇಲೆ ಯು-40, ಯು-100 ಎಂದು ಅಚ್ಚಾಗಿರುತ್ತದೆ. ಚೀಟಿ ಇಲ್ಲದೆ ಕೊಡಬಾರದ ಔಷಧದ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ಕಾಣದಿದ್ದರೂ ಆರ್‌ಎಕ್ಸ್, ಎನ್‌ಆರ್‌ಎಕ್ಸ್, ಎಕ್ಸ್‌ಆರ್‌ಎಕ್ಸ್ ಎಂಬ ಗುರುತು ಇದ್ದೇ ಇರುತ್ತದೆ. ಲಸಿಕೆ ಸೀಸೆಯ ಮೇಲಿನ ಶಾಖದ ಗುರುತನ್ನು ನೋಡುವುದೂ ಅವನಿಗೆ ಅಷ್ಟು ಕಷ್ಟವಲ್ಲ. ಅಲ್ಲಿ ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದೆಯೇ ಎಂದಷ್ಟೇ ಹೋಲಿಸಬೇಕು. ಕಷ್ಟವಾಗುವುದು ಅಡ್ರಿನಲಿನ್ ಚುಚ್ಚುಮದ್ದಿನಂಥದ್ದರಲ್ಲಿ. ಅದು ಕೆಟ್ಟರೆ ತಿಳಿ ಗುಲಾಬಿಗೆ ತಿರುಗುತ್ತದೆ, ಅಂಥದ್ದನ್ನು ಇನ್ನೊಬ್ಬರ ಕಣ್ಣಿಗೆ ತೋರಿಸಲೇಬೇಕು. ನಿಜ ಹೇಳಬೇಕೆಂದರೆ ಬಣ್ಣ ಚೆನ್ನಾಗಿ ಕಾಣುವವರಿಗೇ ನಾನು ಹೆಚ್ಚು ಹೆದರುತ್ತೇನೆ. ಅವರು ಪೆಟ್ಟಿಗೆಯ ಬಣ್ಣ ನೋಡಿಯೇ ಕೈಹಾಕುತ್ತಾರೆ. ಒಂದೇ ಕಂಪನಿಯ 25, 50, 100 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆ ಅದಲುಬದಲಾಗುವುದು ಹೀಗೆಯೇ.

ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಚುಕ್ಕಿಗಳ ನಡುವೆ ಅಂಕಿ ಹುಡುಕಿಸುವ ಇಷಿಹಾರ ಪುಸ್ತಕ ದೋಷ ಇದೆಯೋ ಇಲ್ಲವೋ ಹೇಳುತ್ತದೆ. ಎಷ್ಟು ತೀವ್ರ ಎಂದು ತಿಳಿಯಲು ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸುವ ಪರೀಕ್ಷೆ ಬೇರೆ ಇದೆ, ಅದನ್ನೂ ಕೇಳಿ ಮಾಡಿಸಿ. ಕಾನೂನಿನ ಮಾತೂ ಗೊತ್ತಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5% ಸೀಟು ಮೀಸಲಿಟ್ಟಿದೆ, ಆದರೆ ಅದಕ್ಕೆ 40% ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಬೇಕು. ಬಣ್ಣದ ದೋಷ ಆ ಕಾಯ್ದೆ ಹೆಸರಿಸುವ 21 ವೈಕಲ್ಯಗಳ ಪಟ್ಟಿಯಲ್ಲಿಲ್ಲ. ನಿಮ್ಮ ಮಗನ ಕಾಲೂ ನೀವು ಬರೆದಷ್ಟರಿಂದ ನೋಡಿದರೆ 40% ಮುಟ್ಟಲಿಕ್ಕಿಲ್ಲ. ಮೀಸಲಾತಿ ಸಿಗದಿರಬಹುದು, ಆದರೆ ಬಣ್ಣ ಕಾಣದೆಂದು ಯಾರಾದರೂ ಸೀಟು ನಿರಾಕರಿಸಿದರೆ ಸುಮ್ಮನೆ ಹಿಂದಿರುಗಬೇಡಿ. ತ್ರಿಪುರದಲ್ಲಿ ಇದೇ ಕಾರಣಕ್ಕೆ ಎಂಬಿಬಿಎಸ್ ಸೀಟು ತಪ್ಪಿದ ಇಬ್ಬರಿಗೆ 2017ರಲ್ಲಿ ಸುಪ್ರೀಂ ಕೋರ್ಟ್ ಪ್ರವೇಶ ಕೊಡಿಸಿದೆ.

ದೇಹಕ್ಕೆ ಸಂಬಂಧಿಸಿದ ಸಣ್ಣಪುಟ್ಟವು ಇನ್ನೂ ಮೂರಿವೆ. ಸ್ಟ್ರಿಪ್ಪಿನ ಅಂಚಿನ ಬ್ಯಾಚ್ ನಂಬರ್, ಎಕ್ಸ್‌ಪೈರಿ ಓದಲು ಹತ್ತಿರದ ದೃಷ್ಟಿ ಚೆನ್ನಾಗಿರಬೇಕು. ಕನ್ನಡಕ ಬೇಕಾದರೆ ನಾಚಿಕೆ ಬೇಡ. ಉಬ್ಬಸ ಇದ್ದರೆ ಟಾಲ್ಕ್, ಸ್ಟಾರ್ಚ್ ಪುಡಿಗಳು, ಅಮೋನಿಯಾದ ಹಬೆ ಕೆಣಕುತ್ತವೆ, ಮೊದಲೇ ತಿಳಿಸಿರಬೇಕು. ಆಸ್ಪತ್ರೆ ತರಬೇತಿಗೆ ಹೋಗುವ ಮುಂಚೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿದಿರಲಿ. ಮೊದಲನೆಯದರಿಂದ ಮೂರನೆಯದಕ್ಕೆ ಆರು ತಿಂಗಳು ಹಿಡಿಯುವುದರಿಂದ ಕೊನೆಯ ಗಳಿಗೆಯಲ್ಲಿ ಆಗದು.

ಮನಸ್ಸಿನ ಮಾತಿಗೆ ಬಂದರೆ, ಎಲ್ಲರೂ ಜ್ಞಾಪಕಶಕ್ತಿ ಬೇಕೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೇಕಾದದ್ದು ನೆನಪನ್ನು ನಂಬದ ಸ್ವಭಾವ. ನಾನು ತರಬೇತಿಯಲ್ಲಿದ್ದಾಗಿನ ಒಂದು ಸಂಜೆ. ಹತ್ತು ಕಿಲೋ ತೂಕದ ಮಗುವಿಗೆ ಜ್ವರ. ಚೀಟಿಯಲ್ಲಿ ಪ್ಯಾರಸಿಟಮಾಲ್ ಸಿರಪ್, 5 ಮಿಲಿ ಎಂದಿತ್ತು. 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವ ಸಿರಪ್ ಕೊಡಬೇಕಿತ್ತು. ಕೌಂಟರಿನಲ್ಲಿ ಜನ ಮುಗಿಬಿದ್ದಿದ್ದರು, ಫೋನ್ ಬಡಿದುಕೊಳ್ಳುತ್ತಿತ್ತು, ನಾನು ಪಕ್ಕದ ಡ್ರಾಪ್ಸ್ ಬಾಟಲಿ ತೆಗೆದು ಕವರಿಗೆ ಹಾಕಿ 5 ಮಿಲಿ ಎಂದೇ ಬರೆದೆ. ಡ್ರಾಪ್ಸಿನಲ್ಲಿ ಒಂದೊಂದು ಮಿಲಿಗೆ 100 ಮಿಲಿಗ್ರಾಂ. 5 ಮಿಲಿ ಅಂದರೆ 500. ಕಿಲೋಗೆ 15 ಮಿಲಿಗ್ರಾಂ ಮೀರಬಾರದ ಮಗುವಿಗೆ ಪ್ರತಿ ಸಲವೂ ಕಿಲೋಗೆ 50. ಹಿರಿಯ ಫಾರ್ಮಸಿಸ್ಟ್ ಒಬ್ಬರು ಆ ತಾಯಿ ಮೆಟ್ಟಿಲಿಳಿಯುವ ಮೊದಲೇ ಕೂಗಿ ಕರೆದು ಬಾಟಲಿ ಬದಲಿಸಿಕೊಟ್ಟರು. ನನಗೆ ಬೈಯಲಿಲ್ಲ. ಒಂದು ಹಾಳೆ ಕೊಟ್ಟು ಆ ಲೆಕ್ಕವನ್ನು ಮೂರು ಸಲ ಬರೆಸಿದರು. ಎರಡೂ ಔಷಧ ನನಗೆ ಗೊತ್ತಿತ್ತು. ಪ್ರಮಾಣವೂ ಗೊತ್ತಿತ್ತು. ನಿಂತು ನೋಡಲಿಲ್ಲ, ಅಷ್ಟೇ.

ಹಾಗಾಗಿ ನಿಮ್ಮ ಮಗನಿಗೆ ಬೇಕಾದ ಗಣಿತ ದೊಡ್ಡದಲ್ಲ. ತ್ರೈರಾಶಿ, ಶೇಕಡ, ದಶಮಾಂಶ, ಮೈಕ್ರೋ ಮತ್ತು ಮಿಲಿಯ ನಡುವಿನ ಸಾವಿರ ಪಟ್ಟು. ಇಷ್ಟು ನೀರು ಕುಡಿದಂತೆ ಬರಬೇಕು, ಬಂದದ್ದನ್ನು ಮತ್ತೆ ನೋಡುವ ತಾಳ್ಮೆ ಬೇಕು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವಂಥದ್ದು. ರೂಢಿಯ ಕೈ ಕವರಿನ ಮೇಲೆ 'ದಿನಕ್ಕೊಂದು' ಎಂದು ಬರೆದುಬಿಟ್ಟರೆ ಮೂಳೆಮಜ್ಜೆಯೇ ಸೊರಗಿ ರೋಗಿಯ ಪ್ರಾಣಕ್ಕೆ ಬರುತ್ತದೆ. ಕೊಡುವ ಮುಂಚೆ ಒಂದು ಕ್ಷಣ ಫೋನ್ ಕೆಳಗಿಟ್ಟು ಚೀಟಿ, ಸ್ಟ್ರಿಪ್, ಕವರು ಮೂರನ್ನೂ ಒಟ್ಟಿಗೆ ನೋಡುವ ಅಭ್ಯಾಸ ಇದ್ದವನು ಈ ಕೆಲಸಕ್ಕೆ ಹುಟ್ಟಿದವನು.

ಆತಂಕ, ಖಿನ್ನತೆ, ಫಿಟ್ಸ್ ಇರುವ ಮಕ್ಕಳ ತಂದೆತಾಯಿಗಳೂ ನನ್ನನ್ನು ಕೇಳುತ್ತಾರೆ. ಚಿಕಿತ್ಸೆಯಲ್ಲಿದ್ದು ಹತೋಟಿಯಲ್ಲಿದ್ದರೆ ಓದಲು ಅಡ್ಡಿಯಿಲ್ಲ, ಕಾಲೇಜಿನಲ್ಲಿ ನಂಬಿಕೆಯ ಒಬ್ಬರಿಗೆ ತಿಳಿದಿರಲಿ. ನನ್ನ ಕಳವಳ ಬೇರೆಯದು. ಔಷಧ ಕೈಗೆ ಸಿಗುವ ಜಾಗದಲ್ಲಿ ಪರೀಕ್ಷೆಯ ಭಯಕ್ಕೊಂದು, ನಿದ್ದೆ ಬರದ್ದಕ್ಕೊಂದು ಮಾತ್ರೆ ನುಂಗುವ ಚಟ ಸುಲಭವಾಗಿ ಹತ್ತುತ್ತದೆ. ಯಾರಿಗೂ ಹೇಳದೆ ತಾನೇ ಮಾತ್ರೆ ಆರಿಸಿಕೊಳ್ಳುವುದು ಈ ವೃತ್ತಿಯಲ್ಲಿ ನಾನು ಕಂಡ ಅತಿ ದೊಡ್ಡ ಅಪಾಯ. ಮನಸ್ಸು ಭಾರವಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಅವನ ಸಂಕೋಚ. ಮಾತು ಕಡಿಮೆ ಇರುವ ಹುಡುಗ ಎಷ್ಟೋ ಸಲ ಒಳ್ಳೆಯ ಫಾರ್ಮಸಿಸ್ಟ್ ಆಗುತ್ತಾನೆ. ಕೌಂಟರಿನಲ್ಲಿ ಮಾತುಗಾರಿಕೆ ಬೇಡ, ನಾಲ್ಕೇ ಮಾತು ಸಾಕು. ಅಜ್ಜಿಯೊಬ್ಬರಿಗೆ ಮಾತ್ರೆ ಕೊಟ್ಟು, "ಅಜ್ಜಿ, ಇದನ್ನ ಯಾವಾಗ ತಗೋತೀರಿ, ನನಗೊಂದ್ಸಲ ಹೇಳಿ" ಎಂದು ಅವರ ಬಾಯಲ್ಲೇ ಹೇಳಿಸಿದರೆ ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಓದು ಬಾರದವರಿಗೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದುಕೊಟ್ಟರೂ ಆಯಿತು. ಇದನ್ನು ಮನೆಯಲ್ಲಿ ನಿಮ್ಮ ತಾಯಿಯವರ ಮಾತ್ರೆಗಳನ್ನಿಟ್ಟುಕೊಂಡೇ ಅಭ್ಯಾಸ ಮಾಡಬಹುದು. ಮೆದುವಾಗಿ ಮಾತಾಡುವವನಿಗೆ ಇನ್ನೊಂದು ಗುಣ ಸಹಜವಾಗಿ ಬರುತ್ತದೆ. ಎಚ್‌ಐವಿ, ಕ್ಷಯ, ಮಾನಸಿಕ ಕಾಯಿಲೆಯ ಮಾತ್ರೆಗೆ ಬಂದವರ ಎದುರು ಔಷಧದ ಹೆಸರು ಕೂಗಿ ಹೇಳುವುದಿಲ್ಲ. ನಿಮ್ಮದು ಹೋಬಳಿ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಇವತ್ತು ಅಂಗಡಿಯಲ್ಲಿ ಆಡಿದ್ದು ನಾಳೆ ಸಂತೆಯಲ್ಲಿರುತ್ತದೆ.

ಸಂಕೋಚ ಅಪಾಯವಾಗುವುದು ಎರಡು ಕಡೆ. ಒಂದು, ಚೀಟಿ ಓದಲಾಗದಿದ್ದಾಗ ಡಾಕ್ಟರಿಗೆ ಫೋನ್ ಮಾಡಲು ಹಿಂಜರಿದು ಊಹೆಯ ಮೇಲೆ ಕೊಟ್ಟುಬಿಡುವುದು. ಇನ್ನೊಂದು, 'ಆಗೋದಿಲ್ಲ' ಎನ್ನಲಾರದೆ ಹೋಗುವುದು. ಸಂಬಂಧಿಕರು ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೇಳುತ್ತಾರೆ, ಶಾಲೆಯ ಗೆಳೆಯ ಆತಂಕಕ್ಕೆ ಕೊಡುವ ಆಲ್ಪ್ರಜೋಲಾಂ ಮಾತ್ರೆ ಕೇಳುತ್ತಾನೆ. ಆಲ್ಪ್ರಜೋಲಾಂ ಶೆಡ್ಯೂಲ್ ಎಚ್1ರದ್ದು, ಎಂದರೆ ಹೆಚ್ಚು ಕಟ್ಟುನಿಟ್ಟಿನಿಂದ ಕೊಡಬೇಕಾದ ಔಷಧಗಳ ಪಟ್ಟಿಯದ್ದು. 2014ರ ಮಾರ್ಚ್‌ನಿಂದ ಇಂಥವನ್ನು ಕೊಟ್ಟಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ರಿಜಿಸ್ಟರನ್ನೇ ಮುಂದಿಟ್ಟು, "ಇದರಲ್ಲಿ ಬರೀಬೇಕು ಮಾವ, ಚೀಟಿ ಇಲ್ದೆ ಏನು ಬರೀಲಿ" ಎಂದರೆ ಸಂಕೋಚದವನಿಗೂ ಧೈರ್ಯ ಬರುತ್ತದೆ. ಜಗಳವಾಡುವ ಅಗತ್ಯವಿಲ್ಲ. ಆದರೆ ತಪ್ಪಾದಾಗ ಅದನ್ನು ಬಾಯಿಬಿಟ್ಟು ಹೇಳಲಾರದಷ್ಟು ಸಂಕೋಚವಿದ್ದರೆ, ಅದನ್ನು ಮಾತ್ರ ನಾನು ಲಘುವಾಗಿ ನೋಡಲಾರೆ. ತಪ್ಪು ಔಷಧ ಹೋದದ್ದು ಹತ್ತು ನಿಮಿಷದಲ್ಲಿ ನೆನಪಾದರೆ ಅಂಗಡಿ ಬಿಟ್ಟು ಓಡಿ ಅವರ ಮನೆ ಹುಡುಕಬೇಕು. ಮನೆಯಲ್ಲಿ ಲೋಟ ಒಡೆದಾಗ ಅವನು ಬಂದು ಹೇಳುತ್ತಿದ್ದನೇ, ಚೂರು ಮುಚ್ಚಿಡುತ್ತಿದ್ದನೇ? ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನೀವು ಕೇಳದ ಒಂದು ಮಾತನ್ನೂ ಹೇಳುತ್ತೇನೆ, ಏಕೆಂದರೆ ಕೋರ್ಸ್ ಮುಗಿದ ತಿಂಗಳೇ ಅದು ನಿಮ್ಮ ಬಾಗಿಲಿಗೆ ಬರುತ್ತದೆ. ಯಾರೋ ಬಂದು, ನಿಮ್ಮ ಹುಡುಗನ ಸರ್ಟಿಫಿಕೇಟ್ ನಮ್ಮ ಅಂಗಡಿಗೆ ಹಾಕಿ, ಅವನು ಬರುವುದೇ ಬೇಡ, ತಿಂಗಳಿಗಿಷ್ಟು ಕೊಡುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ. ಚೀಟಿಯ ಔಷಧ ನೋಂದಾಯಿತ ಫಾರ್ಮಸಿಸ್ಟರ ಖುದ್ದು ಉಸ್ತುವಾರಿಯಲ್ಲೇ ಹೋಗಬೇಕೆಂಬುದು ಕಾನೂನು. ಅವನ ಹೆಸರು ಗೋಡೆಯ ಮೇಲೆ ತೂಗುತ್ತಿರುವಾಗ ಏನೂ ತಿಳಿಯದ ಇನ್ನೊಬ್ಬ ಹುಡುಗ ಡ್ರಾಪ್ಸ್ ಬಾಟಲಿ ತೆಗೆದು ಸಿರಪ್ಪಿನ ಕವರಿಗೆ ಹಾಕುತ್ತಾನೆ. ಕೂಗಿ ಕರೆಯಲು ಅಲ್ಲಿ ಯಾರೂ ಇರುವುದಿಲ್ಲ.

ಫೀಸು ಕಟ್ಟುವ ಮುಂಚೆ ಹೀಗೆ ಮಾಡಿ. ಕಣ್ಣಿನ ವೈದ್ಯರು, ಮೂಳೆ ವೈದ್ಯರು ಇಬ್ಬರನ್ನೂ ಕಂಡು ಬರವಣಿಗೆಯಲ್ಲಿ ಅಭಿಪ್ರಾಯ ಪಡೆಯಿರಿ. ಪರಿಚಯದ ಮೆಡಿಕಲ್ ಶಾಪಿನಲ್ಲಿ ಒಂದು ವಾರ ಅವನನ್ನು ಬಿಡಿ. ಔಷಧ ಕೊಡುವುದಕ್ಕಲ್ಲ, ಅದು ಅವನು ಈಗ ಮಾಡಬಾರದ ಕೆಲಸ. ಎಕ್ಸ್‌ಪೈರಿ ಹತ್ತಿರವಿರುವುದನ್ನು ಮುಂದಕ್ಕಿಟ್ಟು ರ‍್ಯಾಕ್ ಜೋಡಿಸಲಿ, ಬಂದ ಸ್ಟಾಕನ್ನು ಬಿಲ್ಲಿನೊಂದಿಗೆ ತಾಳೆ ನೋಡಲಿ, ಫ್ರಿಜ್ಜಿನ ತಾಪಮಾನ 2ರಿಂದ 8 ಡಿಗ್ರಿಯೊಳಗಿದೆಯೇ ಎಂದು ಬೆಳಗ್ಗೆ ಸಂಜೆ ಬರೆದಿಡಲಿ. ವಾರದ ಕೊನೆಗೆ ಕಾಲು ಏನು ಹೇಳುತ್ತದೆ, ಮನಸ್ಸು ಏನು ಹೇಳುತ್ತದೆ ಎಂದು ಅವನೇ ತಿಳಿಸುತ್ತಾನೆ. ಅಷ್ಟರೊಳಗೆ ಒಂದು ಸಂಜೆ ಈ ಲೆಕ್ಕ ಕೊಡಿ: ಮಗು 8 ಕಿಲೋ, ಕಿಲೋಗೆ 15 ಮಿಲಿಗ್ರಾಂ, ಡ್ರಾಪ್ಸಿನಲ್ಲಿ ಮಿಲಿಗೆ 100 ಮಿಲಿಗ್ರಾಂ, ಎಷ್ಟು ಮಿಲಿ ಕೊಡಬೇಕು? ಉತ್ತರ ಸರಿಯೋ ತಪ್ಪೋ ಆಮೇಲೆ ನೋಡೋಣ. ಬರೆದಾದ ಮೇಲೆ ನೀವು ಹೇಳದೆಯೇ ಅವನು ಹಾಳೆಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡು ನೋಡುತ್ತಾನೆಯೇ ಎಂದು ಗಮನಿಸಿ, ನನಗೆ ಬರೆಯಿರಿ.